ಬಾರ್ ದಾಟೋದು ಗೊತ್ತು, ಲೇಖನ ತೂಗೋದು ಹೇಗೆ?

ಪ್ರಶ್ನೆ: ಮೇಡಂ, ನಾನು ಕಾಲೇಜು ವಿದ್ಯಾರ್ಥಿನಿ. ಆರು ವರ್ಷದಿಂದ ಹೈಜಂಪ್ ಮಾಡುತ್ತಿದ್ದೇನೆ. ನಮಗೆ ತರಗತಿಯಲ್ಲಿ ಒಂದು ಅಸೈನ್‌ಮೆಂಟ್ ಕೊಟ್ಟರು. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಮೇಲೆ ಆನ್‌ಲೈನ್ ವಿಶ್ವಕೋಶದಲ್ಲಿರುವ ಒಂದು ಲೇಖನ ಆರಿಸಿಕೊಳ್ಳಿ, ಅದನ್ನು ಎಷ್ಟು ನಂಬಬಹುದು, ಏನು ಬಿಟ್ಟುಹೋಗಿದೆ, ಯಾರ ಕಡೆಗಾದರೂ ವಾಲಿದೆಯಾ, ಅಡಿಟಿಪ್ಪಣಿಗಳು ಸರಿಯಿವೆಯಾ ಅಂತ ಎರಡು ಪುಟ ಬರೆಯಿರಿ ಅಂದರು. ನನ್ನದೇ ಆಟ ಇದೆಯಲ್ಲ, ಇದಕ್ಕಿಂತ ಸುಲಭ ಇನ್ನೇನಿದೆ ಅಂತ ಹೈಜಂಪ್ ಲೇಖನವನ್ನೇ ತೆಗೆದುಕೊಂಡೆ. ಓದಿದೆ. "ಲೇಖನ ಚೆನ್ನಾಗಿದೆ, ಮಾಹಿತಿ ಸರಿಯಾಗಿದೆ, ಇನ್ನೂ ಸ್ವಲ್ಪ ಚಿತ್ರ ಇರಬೇಕಿತ್ತು" ಅಂತ ಬರೆದು ಕೊಟ್ಟೆ. ಮೇಷ್ಟ್ರು ವಾಪಸ್ ಕೊಟ್ಟರು. ಪಕ್ಕದಲ್ಲಿ "ಸರಿಯಾಗಿದೆ ಅಂತ ನಿನಗೆ ಹೇಗೆ ಗೊತ್ತು?" ಎಂದು ಬರೆದಿದ್ದರು. ದಿನಾ ಜಿಗಿಯೋಳು ನಾನು, ನನಗೆ ಗೊತ್ತಿರಲ್ವಾ ಸರ್ ಅಂದೆ. ಅದು ಉತ್ತರ ಅಲ್ಲ ಅಂದರು. ತುಂಬ ಬೇಜಾರಾಯಿತು.

ಆಮೇಲೆ ಇನ್ನೊಂದು ಸಲ ಓದಿದೆ. ಆಗ ಕೆಲವು ಮಾತು ಚುಚ್ಚಿದವು. 1968ರ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್‌ಬರಿ ಬೆನ್ನು ಮಾಡಿ ಜಿಗಿದು ವಿಶ್ವದಾಖಲೆ ಮುರಿದರು, ಅಲ್ಲಿಂದ ಎಲ್ಲರೂ ಅದನ್ನೇ ಹಿಡಿದರು ಅಂತಿದೆ. ಜಿಗಿಯುವವರು ಬಲಗಡೆಯಿಂದ ಓಡಿಬರುತ್ತಾರೆ ಅಂತಿದೆ, ನಾನು ಬರೋದು ಎಡಗಡೆಯಿಂದ. ದೇಹ ಬಾರ್ ಮೇಲೆ ಹೋದರೂ ಗುರುತ್ವ ಕೇಂದ್ರ ಬಾರ್ ಕೆಳಗೆ ಹೋಗುತ್ತದೆ ಅಂತಿದೆ, ಇದು ನನಗೆ ತಲೆಗೇ ಹೋಗಲಿಲ್ಲ. ಹೆಣ್ಣುಮಕ್ಕಳ ವಿಷಯ ಕೊನೆಯಲ್ಲಿರುವ ಒಂದು ಪಟ್ಟಿ ಬಿಟ್ಟರೆ ಎಲ್ಲೂ ಇಲ್ಲ. ಇಂಥದ್ದನ್ನೆಲ್ಲ ಬರೆಯಬಹುದಾ? ಬರೆದರೆ ಹೇಗೆ ಬರೆಯಬೇಕು?
— ಒಬ್ಬ ಹೈಜಂಪರ್

ಉತ್ತರ: ನಿಮ್ಮ ಪತ್ರದ ಎರಡನೇ ಪ್ಯಾರಾ ಇದೆಯಲ್ಲ, ನಿಮ್ಮ ಅಸೈನ್‌ಮೆಂಟ್‌ನ ಅರ್ಧ ಅಲ್ಲೇ ಆಗಿಹೋಗಿದೆ. ಮೊದಲ ಸಲ ಓದುವಾಗ ನೀವು ಲೇಖನಕ್ಕೆ ತಲೆಯಾಡಿಸುತ್ತಾ ಹೋದಿರಿ, ಎರಡನೇ ಸಲ ಚುಚ್ಚಿದ ಕಡೆ ನಿಂತಿರಿ. ಹಾಗೆ ನಿಂತ ಜಾಗಗಳನ್ನೇ ಬರೆಯಬೇಕು.

ಮೇಷ್ಟ್ರ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ, ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಆರು ವರ್ಷ ಜಿಗಿದ ಮೈಗೆ ಲೇಖನದಲ್ಲಿ ಎಲ್ಲಿ ಅನುಮಾನ ಪಡಬೇಕು ಅಂತ ಬೇರೆಯವರಿಗಿಂತ ಬೇಗ ಗೊತ್ತಾಗುತ್ತದೆ. ಇದು ದೊಡ್ಡ ಬಂಡವಾಳ, ತರಗತಿಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ಆದರೆ ಅನುಮಾನ ಬಂದಮೇಲೆ ಅದನ್ನು ತೀರಿಸೋದಕ್ಕೆ ಮೈ ಸಾಲದು. ಮೈದಾನದಲ್ಲೂ ಹಾಗೇ ತಾನೆ? ಬೆನ್ನಿಗೆ ಏನೂ ತಾಗಲಿಲ್ಲ, ದಾಟಿಬಿಟ್ಟೆ ಅಂತ ಮ್ಯಾಟ್ ಮೇಲೆ ಬಿದ್ದಾಗ ನಿಮಗೆ ಗಟ್ಟಿಯಾಗಿ ಅನಿಸಿರುತ್ತದೆ, ತಿರುಗಿ ನೋಡಿದರೆ ಬಾರ್ ಕೆಳಗಿರುತ್ತದೆ. ಜಡ್ಜ್ ಬಾವುಟ ಎತ್ತೋದು ಬಾರ್ ನೋಡಿ, ನಿಮ್ಮ ಮುಖ ನೋಡಿ ಅಲ್ಲ. ಲೇಖನ ತೂಗುವಾಗ ಆ ಬಾರ್ ಜಾಗದಲ್ಲಿ ಇರೋದು ಅಚ್ಚಾದ, ಬೇರೆಯವರೂ ತೆರೆದು ನೋಡಬಹುದಾದ ಮೂಲ.

ಫಾಸ್‌ಬರಿಯ ಆ ವಾಕ್ಯದಿಂದಲೇ ಶುರು ಮಾಡಿ, ಯಾಕಂದರೆ ಅದರೊಳಗೆ ಮೂರು ಬೇರೆ ಬೇರೆ ಮಾತು ಇವೆ, ಒಟ್ಟಿಗೆ ಓದಿದರೆ ಮೂರೂ ಒಂದೇ ಅನಿಸುತ್ತದೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅವರು ಬೆನ್ನು ಕೆಳಗೆ ಮಾಡಿ ಜಿಗಿದು ಚಿನ್ನ ಗೆದ್ದರು ಅನ್ನೋದು ಮೊದಲನೇ ಮಾತು. ಇದು ನಿಜ, 2.24 ಮೀಟರ್, ಆಗಿನ ಒಲಿಂಪಿಕ್ ದಾಖಲೆ. ವಿಶ್ವದಾಖಲೆ ಮುರಿದರು ಅನ್ನೋದು ಎರಡನೇ ಮಾತು. ಇದು ತಪ್ಪು. ಆಗ ವಿಶ್ವದಾಖಲೆ ಸೋವಿಯತ್ ಒಕ್ಕೂಟದ ವಲೇರಿ ಬ್ರುಮೆಲ್ ಹೆಸರಲ್ಲಿತ್ತು, 1963ರಲ್ಲಿ ಜಿಗಿದ 2.28 ಮೀಟರ್. ಅದನ್ನು 1971ರಲ್ಲಿ ಮುರಿದದ್ದು ಅಮೆರಿಕದ ಪ್ಯಾಟ್ ಮ್ಯಾಟ್ಸ್‌ಡಾರ್ಫ್, 2.29 ಮೀಟರ್, ಅದೂ ಹೊಟ್ಟೆ ಕೆಳಗೆ ಮಾಡಿ ಬಾರ್ ಮೇಲೆ ಹೊರಳುವ ಹಳೆಯ ಸ್ಟ್ರಾಡಲ್ ಶೈಲಿಯಲ್ಲಿ! ಫ್ಲಾಪ್ ಅಂತ ಕರೆಯುವ, ಬೆನ್ನು ಕೆಳಗೆ ಮಾಡಿ ಜಿಗಿಯುವ ಫಾಸ್‌ಬರಿ ಶೈಲಿಗೆ ಮೊದಲ ಪುರುಷರ ವಿಶ್ವದಾಖಲೆ ಸಿಕ್ಕಿದ್ದು 1973ರಲ್ಲಿ, ಡ್ವೈಟ್ ಸ್ಟೋನ್ಸ್ 2.30 ಜಿಗಿದಾಗ. ಫಾಸ್‌ಬರಿ ಅವರ ಹೆಸರಲ್ಲಿ ವಿಶ್ವದಾಖಲೆ ಇರಲೇ ಇಲ್ಲ. ಇದರಿಂದ ಅವರ ದೊಡ್ಡತನ ಒಂದು ಕೂದಲಷ್ಟೂ ಕಮ್ಮಿಯಾಗಲ್ಲ, ಆದರೆ ಲೇಖನ ತಪ್ಪು ಹೇಳಿದ್ದು ತಪ್ಪೇ.

ಮೂರನೇ ಮಾತು "ಅಲ್ಲಿಂದ ಎಲ್ಲರೂ ಅದನ್ನೇ ಹಿಡಿದರು". ಇಲ್ಲಿ ನೀವು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಇಂಥ ವಾಕ್ಯಗಳು ಕಥೆಯ ಹಾಗೆ ನಯವಾಗಿರುತ್ತವೆ, ಯಾರೂ ತಡೆದು ನೋಡಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಪುರುಷರ ಚಿನ್ನ ಯೂರಿ ತರ್ಮಾಕ್‌ಗೆ ಹೋಯಿತು, ಅವರು ಸ್ಟ್ರಾಡಲ್ ಜಿಗಿಯುವವರು. ಅದೇ ಮ್ಯೂನಿಕ್‌ನಲ್ಲಿ ಹೆಣ್ಣುಮಕ್ಕಳ ಚಿನ್ನ ಗೆದ್ದ ಉಲ್ರಿಕೆ ಮೈಫಾರ್ತ್‌ಗೆ ಬರೀ 16 ವರ್ಷ, ಅವರದು ಫ್ಲಾಪ್, 1.92 ಮೀಟರ್ ಜಿಗಿದು ವಿಶ್ವದಾಖಲೆ ಸರಿಗಟ್ಟಿದರು. ನಾಲ್ಕು ವರ್ಷದ ನಂತರ 1976ರಲ್ಲಿ ಮತ್ತೆ ಹಳೆಯ ಶೈಲಿಗೆ ಚಿನ್ನ, ಪೂರ್ವ ಜರ್ಮನಿಯ ರೋಸ್‌ಮರಿ ಆಕರ್ಮನ್ ಅವರಿಗೆ. ಅವರೇ 1977ರಲ್ಲಿ 2.00 ಮೀಟರ್ ದಾಟಿದ ಮೊದಲ ಮಹಿಳೆಯಾದರು, ಸ್ಟ್ರಾಡಲ್‌ನಲ್ಲೇ. 1978ರಲ್ಲಿ ವ್ಲಾದಿಮಿರ್ ಯಾಶ್ಚೆಂಕೊ ಅದೇ ಶೈಲಿಯಲ್ಲಿ 2.34 ಜಿಗಿದು ವಿಶ್ವದಾಖಲೆ ಮಾಡಿದರು. ಅಂದರೆ ಮೆಕ್ಸಿಕೊ ಆಗಿ ಹತ್ತು ವರ್ಷವಾದರೂ ಎರಡು ಶೈಲಿಗಳು ಎದುರುಬದುರು ನಿಂತು ಕಾದಾಡುತ್ತಿದ್ದವು. ಎಷ್ಟು ಚೆಂದದ ಕಾಲ ಅದು! ಲೇಖನ ಆ ಹತ್ತು ವರ್ಷವನ್ನು "ಎಲ್ಲರೂ" ಅನ್ನೋ ಒಂದೇ ಪದದಲ್ಲಿ ನುಂಗಿಹಾಕಿದೆ. ನಿಮ್ಮ ಎರಡು ಪುಟದಲ್ಲಿ ಅರ್ಧ ಪುಟ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

ಈಗ ಆ ವಾಕ್ಯದ ಪಕ್ಕದಲ್ಲಿರುವ ಅಡಿಟಿಪ್ಪಣಿಯ ಸಂಖ್ಯೆ ಒತ್ತಿ. ಮೂಲ ತೆರೆದುಕೊಂಡಿತಾ? ತೆರೆದರೆ ಈ ಮಾತು ಅಲ್ಲಿದೆಯಾ ಅಂತ ಹುಡುಕಿ. ತುಂಬ ಸಲ ಮೂಲ "ಒಲಿಂಪಿಕ್ ದಾಖಲೆ" ಅಂದಿರುತ್ತದೆ, ಲೇಖನಕ್ಕೆ ಬರುವಷ್ಟರಲ್ಲಿ ಅದು "ವಿಶ್ವದಾಖಲೆ" ಆಗಿರುತ್ತದೆ. ಅಡಿಟಿಪ್ಪಣಿ ಇದೆ ಅಂದಮಾತ್ರಕ್ಕೆ ವಾಕ್ಯ ಗಟ್ಟಿಯಾಗಿದೆ ಅಂತ ಅಲ್ಲ, ಅದು ಬರೀ ಒಂದು ಬಾಗಿಲು, ಒಳಗೆ ಹೋಗಿ ನೋಡಬೇಕು. ಕೊಂಡಿ ಸತ್ತುಹೋಗಿದ್ದರೆ ಅಷ್ಟಕ್ಕೇ ಮಾತು ಸುಳ್ಳು ಅಂತ ತೀರ್ಮಾನ ಮಾಡಬೇಡಿ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ 2019ರಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ಅಂತ ಹೆಸರು ಬದಲಿಸಿತು, ಹಾಗಾಗಿ ಹಳೆಯ ಹೆಸರಿನ ಮೂಲಗಳು ಕಂಡರೆ ಗಾಬರಿ ಬೇಡ, ಎರಡೂ ಒಂದೇ ಸಂಸ್ಥೆ. ಸತ್ತ ಕೊಂಡಿಯನ್ನು ಹಳೆಯ ಜಾಲಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್ ಎಂಬ ತಾಣದಲ್ಲಿ ಹಾಕಿ ನೋಡಿ, ಹಳೆಯ ಪುಟದ ಪ್ರತಿ ಸಿಕ್ಕರೂ ಸಿಗಬಹುದು. ಎಲ್ಲ ಅಡಿಟಿಪ್ಪಣಿ ನೋಡೋಕೆ ಆಗಲ್ಲ. ನಿಮಗೆ ಚುಚ್ಚಿದ ವಾಕ್ಯಗಳ ಏಳೆಂಟು ನೋಡಿ, ಸಾಕು. ಯಾವುದನ್ನು ನೋಡಿದಿರಿ, ಏನು ಸಿಕ್ಕಿತು ಅಂತ ಬರೆಯಿರಿ.

ಎಡ, ಬಲದ ವಿಷಯ ಬೇಗ ಮುಗಿಯುತ್ತದೆ. ಫ್ಲಾಪ್‌ನಲ್ಲಿ ಬಾರ್‌ನಿಂದ ದೂರ ಇರುವ ಕಾಲಿನಿಂದ ಟೇಕ್‌ಆಫ್. ಎಡಗಾಲಲ್ಲಿ ಚಿಮ್ಮುವವರು ಬಲಗಡೆಯಿಂದ ಬರುತ್ತಾರೆ, ನಿಮ್ಮ ಹಾಗೆ ಬಲಗಾಲಲ್ಲಿ ಚಿಮ್ಮುವವರು ಎಡಗಡೆಯಿಂದ. ಒಂದೇ ಕಾಲಿನಿಂದ ಚಿಮ್ಮಬೇಕು ಅಂತ ನಿಯಮ ಇದೆ, ಯಾವ ಕಾಲು ಅಂತ ಇಲ್ಲ. ಲೇಖನ ಒಂದು ಗುಂಪಿನ ಅಭ್ಯಾಸವನ್ನು ಎಲ್ಲರ ಮೇಲೂ ಹೊರಿಸಿದೆ. "ಹೆಚ್ಚಿನವರು" ಅಂತ ಬರೆದಿದ್ದರೂ ಒಂದು ಮೂಲ ಬೇಕಿತ್ತು.

ಇದಕ್ಕಿಂತ ದೊಡ್ಡ ಕೊರತೆ ಇದರ ಪಕ್ಕದಲ್ಲೇ ಇದೆ, ನೀವು ಗಮನಿಸಿದಿರೋ ಇಲ್ಲವೋ. ಓಟ ಬಾಗುತ್ತದೆ ಅಂತ ಲೇಖನ ಹೇಳಿದರೆ, ಯಾಕೆ ಬಾಗುತ್ತದೆ ಅಂತ ಹೇಳಿದೆಯಾ? ಮೊದಲು ನೇರ ಓಡಿ ಕೊನೆಯ ನಾಲ್ಕೈದು ಹೆಜ್ಜೆ ಬಾಗಿಸಿ ಓಡುವಾಗ ಮೈ ಒಳಕ್ಕೆ, ಬಾರ್‌ನಿಂದ ದೂರಕ್ಕೆ ವಾಲುತ್ತದೆ. ಚಿಮ್ಮುವ ಗಳಿಗೆಯಲ್ಲಿ ಆ ವಾಲಿದ ಮೈ ನೆಟ್ಟಗಾಗುತ್ತಾ ಬರುವುದರಿಂದಲೇ ಬಾರ್ ಮೇಲೆ ಹೊರಳುವ ತಿರುವು ಹುಟ್ಟುತ್ತದೆ. ಇದನ್ನು ನೀವು ಸಾವಿರ ಸಲ ಮಾಡಿದ್ದೀರಿ. ಮಾಡದೇ ಇರುವವರಿಗೆ ಬಾಗಿದ ಓಟ ಬರೀ ಒಂದು ಅಲಂಕಾರದ ಹಾಗೆ ಕಾಣುತ್ತದೆ. ಹೇಗೆ ಜಿಗಿಯುತ್ತಾರೆ ಅಂತ ಹೇಳಿ, ಹಾಗೆ ಮಾಡೋದು ಯಾಕೆ ಅಂತ ಹೇಳದ ಲೇಖನ ಅರ್ಧ ಲೇಖನ.

ಗುರುತ್ವ ಕೇಂದ್ರದ ಮಾತು ತಲೆಗೆ ಹೋಗಲಿಲ್ಲ ಅಂದಿರಿ. ನನಗನಿಸೋದು, ತಪ್ಪು ನಿಮ್ಮದಲ್ಲ, ಆ ವಾಕ್ಯದ್ದು. ಬಿಲ್ಲು ನೆನಪಿಸಿಕೊಳ್ಳಿ. ಬಾಗಿದ ಬಿಲ್ಲಿನ ಭಾರದ ಮಧ್ಯಬಿಂದು ಮರದೊಳಗೆ ಇರಲ್ಲ, ಬಾಗಿದ ಒಳಭಾಗದ ಖಾಲಿ ಜಾಗದಲ್ಲಿ ಇರುತ್ತದೆ. ಬಾರ್ ಮೇಲೆ ನೀವು ಬೆನ್ನು ಬಾಗಿಸಿದಾಗಲೂ ಹಾಗೇ. ತಲೆ ಮತ್ತು ಭುಜ ಆ ಕಡೆ ಇಳಿಯುತ್ತಿರುತ್ತವೆ, ಸೊಂಟ ಮೇಲಿರುತ್ತದೆ, ಕಾಲು ಇನ್ನೂ ಈ ಕಡೆ ಕೆಳಗೆ ಇರುತ್ತವೆ. ಪೂರ್ತಿ ಮೈ ಒಟ್ಟಿಗೆ ಬಾರ್ ಮೇಲೆ ಇರುವ ಗಳಿಗೆಯೇ ಇಲ್ಲ, ಒಂದೊಂದೇ ಭಾಗ ದಾಟುತ್ತಾ ಹೋಗುತ್ತದೆ. ಹಾಗಾಗಿ ಭಾರದ ಬಿಂದು ಬಾರ್‌ಗಿಂತ ಕೆಳಗಿದ್ದರೂ ಇಡೀ ಮೈ ದಾಟಿಬಿಡೋದು ಸಾಧ್ಯ. ಸಾಧ್ಯ ಅಂತ ಹೇಳಿದೆ, ನೋಡಿ. ಲೇಖನದಲ್ಲಿ "ಹೋಗುತ್ತದೆ" ಅಂತಿದೆ, ಇರಬೇಕಾದ್ದು "ಹೋಗಬಹುದು". ಎಷ್ಟು ಬಾಗುತ್ತಾರೆ, ಯಾವ ಗಳಿಗೆಯಲ್ಲಿ ಬಾಗುತ್ತಾರೆ ಅನ್ನೋದರ ಮೇಲೆ ಅದು ನಿಂತಿದೆ, ಪ್ರತಿಯೊಬ್ಬರ ಪ್ರತಿ ಜಿಗಿತದಲ್ಲೂ ಆಗೋದಲ್ಲ. ಈ ಒಂದು ಪ್ರತ್ಯಯದ ವ್ಯತ್ಯಾಸವನ್ನು ನೀವು ಬರೆದರೆ ಮೇಷ್ಟ್ರಿಗೆ ಖಂಡಿತ ಖುಷಿಯಾಗುತ್ತದೆ. ಇಂಥ ಮಾತಿಗೆ ಮೂಲವಾಗಿ ಸುದ್ದಿ ತುಣುಕು ಕೊಟ್ಟಿದ್ದರೆ ಅದನ್ನೂ ಗುರುತಿಸಿ. ದೇಹದ ಚಲನೆಯನ್ನು ಅಳೆದು ಬರೆದ ಬಯೋಮೆಕಾನಿಕ್ಸ್ ಪುಸ್ತಕವೋ ಸಂಶೋಧನಾ ಲೇಖನವೋ ಇರಬೇಕಾದ ಜಾಗ ಅದು.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಇದು ನನ್ನ ಮನಸ್ಸಿಗೂ ತುಂಬ ಹತ್ತಿರದ್ದು. "ಲೇಖನ ಪಕ್ಷಪಾತಿ" ಅಂತ ಬರೆದು ಸುಮ್ನೆ ಬಿಟ್ಟರೆ ಓದಿದವರು ಒಪ್ಪಲೂಬಹುದು, ಬಿಡಲೂಬಹುದು. ಎಣಿಸಿ ಬರೆಯಿರಿ. ಇತಿಹಾಸದ ಭಾಗದಲ್ಲಿ ಎಷ್ಟು ಪ್ಯಾರಾ ಇವೆ, ಎಷ್ಟರಲ್ಲಿ ಒಬ್ಬಳಾದರೂ ಹೆಂಗಸಿನ ಹೆಸರಿದೆ? ಎಷ್ಟು ಚಿತ್ರ, ಅದರಲ್ಲಿ ಎಷ್ಟು ಹೆಂಗಸರದು? ಗಂಡಸರ ಹೈಜಂಪ್ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಿಂದ ಇದೆ, ಹೆಂಗಸರದು ಸೇರಿದ್ದು 1928ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಆ 32 ವರ್ಷದ ಅಂತರ ಲೇಖನದಲ್ಲಿ ಇದೆಯಾ? ಆಕರ್ಮನ್ 2 ಮೀಟರ್ ದಾಟಿದ್ದು ಇದೆಯಾ? ಬಲ್ಗೇರಿಯಾದ ಸ್ತೆಫ್ಕಾ ಕೊಸ್ತಾದಿನೋವಾ 1987ರಲ್ಲಿ ರೋಮ್‌ನಲ್ಲಿ ಜಿಗಿದ 2.09 ಮೀಟರ್ ಹತ್ತಿರ ಹತ್ತಿರ 37 ವರ್ಷ ನಿಂತಿತು, ಅದರ ಬಗ್ಗೆ ಪಟ್ಟಿಯಲ್ಲಿ ಒಂದು ಸಾಲು ಬಿಟ್ಟರೆ ಏನಿದೆ?

ಇನ್ನೊಂದು ಹೆಸರು ಹುಡುಕಿ: ಕೆನಡಾದ ಡೆಬಿ ಬ್ರಿಲ್. 1960ರ ದಶಕದಲ್ಲಿ, ಇನ್ನೂ ಹುಡುಗಿಯಾಗಿದ್ದಾಗಲೇ, ಫಾಸ್‌ಬರಿಯನ್ನು ನೋಡಿ ಕಲಿಯದೆ ತಾನಾಗಿಯೇ ಬೆನ್ನು ಮಾಡಿ ಜಿಗಿಯೋದನ್ನು ಕಂಡುಕೊಂಡವರು. ಅದಕ್ಕೆ ಬ್ರಿಲ್ ಬೆಂಡ್ ಅಂತ ಹೆಸರೇ ಇತ್ತು. ಅಮೆರಿಕದ ಮೊಂಟಾನಾದಲ್ಲಿ ಬ್ರೂಸ್ ಕ್ವಾಂಡಿ ಎಂಬ ಹೈಸ್ಕೂಲ್ ಹುಡುಗ ಬೆನ್ನು ಮಾಡಿ ಬಾರ್ ದಾಟುತ್ತಿರುವ 1963ರ ಫೋಟೋ ಕೂಡ ಇದೆ. ಹಾಗಂತ ಫಾಸ್‌ಬರಿ ಕದ್ದರು ಅಂತ ಅಲ್ಲವೇ ಅಲ್ಲ, ಅವರೂ ತಾವಾಗಿಯೇ ಕಂಡುಕೊಂಡವರು. ಆ ಕಾಲದಲ್ಲಿ ಬೀಳುವ ಜಾಗಕ್ಕೆ ಮರಳು, ಮರದ ಹೊಟ್ಟಿನ ಬದಲು ದಪ್ಪ ಸ್ಪಂಜಿನ ಮ್ಯಾಟ್ ಬರತೊಡಗಿತ್ತು. ಮರಳಿನ ಮೇಲೆ ಕತ್ತಿನ ಮೇಲೆ ಬೀಳೋಕೆ ಯಾರು ತಾನೇ ಧೈರ್ಯ ಮಾಡುತ್ತಾರೆ? ಮ್ಯಾಟ್ ಬಂದಮೇಲೆ ಒಬ್ಬರಿಗೊಬ್ಬರು ಗೊತ್ತಿಲ್ಲದ ಎಳೆಯರಿಗೆ ಬೇರೆ ಬೇರೆ ಊರಲ್ಲಿ ಒಂದೇ ದಾರಿ ಕಂಡಿತು. ಲೇಖನದಲ್ಲಿ "ಮೊದಲ", "ಏಕೈಕ", "ಕಂಡುಹಿಡಿದ" ಅನ್ನೋ ಪದ ಬಂದಲ್ಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮ್ಯಾಟ್ ಬಗ್ಗೆ ಒಂದು ಸಾಲೂ ಇಲ್ಲ ಅಂದರೆ ಅದೇ ಒಂದು ಗಂಭೀರ ಕೊರತೆ ಅಂತ ಬರೆಯಿರಿ.

ಏನು ಬಿಟ್ಟುಹೋಗಿದೆ ಅನ್ನೋದನ್ನು ಹಿಡಿಯೋದು ಕಷ್ಟ, ಇರೋದು ಕಣ್ಣಿಗೆ ಕಾಣುತ್ತದೆ, ಇಲ್ಲದ್ದು ಕಾಣಲ್ಲ. ಇದಕ್ಕೆ ಒಂದು ಉಪಾಯ ಹೇಳುತ್ತೇನೆ. ಲೇಖನ ಮುಚ್ಚಿಟ್ಟು, ಹೈಜಂಪ್ ಅಂದರೇನು ಅಂತ ಗೊತ್ತೇ ಇಲ್ಲದ ಗೆಳತಿಗೆ ಒಂದು ಸ್ಪರ್ಧೆ ತೋರಿಸುತ್ತಿದ್ದೀರಿ ಅಂತ ಅಂದುಕೊಂಡು, ಅವಳು ಏನೇನು ಕೇಳಬಹುದು ಅಂತ ಬರೆದುಕೊಳ್ಳಿ. ಆ ಸ್ಪರ್ಧಿ ಯಾಕೆ ಈ ಎತ್ತರ ಜಿಗಿಯಲೇ ಇಲ್ಲ? ಇಬ್ಬರೂ ಒಂದೇ ಎತ್ತರ ದಾಟಿದರೆ ಯಾರು ಗೆದ್ದ ಹಾಗೆ? ಬಾರ್ ಅಲುಗಾಡಿತಲ್ಲ, ಅದು ಫೌಲ್ ಅಲ್ವಾ? ಆಮೇಲೆ ಲೇಖನ ತೆರೆದು ಇವುಗಳಿಗೆ ಉತ್ತರ ಇದೆಯಾ ಅಂತ ನೋಡಿ. ಟೋಕಿಯೊ ಒಲಿಂಪಿಕ್ಸ್ ಫೈನಲ್ 2021ರಲ್ಲಿ ನಡೆದಾಗ ಕತಾರ್‌ನ ಬಾರ್ಶಿಮ್, ಇಟಲಿಯ ತಂಬೇರಿ ಇಬ್ಬರೂ ಚಿನ್ನ ಹಂಚಿಕೊಂಡದ್ದನ್ನು ಎಲ್ಲ ಲೇಖನಗಳೂ ಗೆಳೆತನದ ಕಥೆಯಾಗಿ ಹೇಳುತ್ತವೆ, ಹೇಳಲಿ, ಚೆಂದದ ಕಥೆಯೇ. ಆದರೆ ನಿಯಮ ಹೇಳದೆ ಆ ಕಥೆ ಅರ್ಥವಾಗಲ್ಲ. ಸಮ ಆದಾಗ ಮೊದಲು ಕೊನೆಗೆ ದಾಟಿದ ಎತ್ತರದಲ್ಲಿ ಯಾರು ಕಮ್ಮಿ ಸಲ ತಪ್ಪಿದ್ದಾರೆ ಅಂತ ನೋಡುತ್ತಾರೆ, ಆಮೇಲೆ ಅಲ್ಲಿಯವರೆಗಿನ ಒಟ್ಟು ತಪ್ಪು. ಅವರಿಬ್ಬರೂ 2.37ರವರೆಗೆ ಒಂದೂ ತಪ್ಪಿರಲಿಲ್ಲ, 2.39ರಲ್ಲಿ ಇಬ್ಬರೂ ಮೂರು ಸಲ ತಪ್ಪಿದರು. ಮೊದಲ ಸ್ಥಾನಕ್ಕೆ ಸಮ ಉಳಿದರೆ ಜಂಪ್‌ಆಫ್, ಅಂದರೆ ಗೆದ್ದವರು ಯಾರು ಅಂತ ತೀರ್ಮಾನಿಸೋಕೆ ಮತ್ತೆ ಜಿಗಿಯೋದು, ಸ್ಪರ್ಧಿಗಳು ಬೇಡ ಅಂದರೆ ಹಂಚಿಕೆ. 2024ರ ಪ್ಯಾರಿಸ್‌ನಲ್ಲಿ ನ್ಯೂಜಿಲೆಂಡ್‌ನ ಹೇಮಿಶ್ ಕೆರ್, ಅಮೆರಿಕದ ಶೆಲ್ಬಿ ಮೆಕ್‌ಯೂನ್ ಇಬ್ಬರೂ 2.36ರಲ್ಲಿ ಸಮ ಆದಾಗ ಜಂಪ್‌ಆಫ್ ಆಡಿದರು, ಕೆರ್ ಗೆದ್ದರು. ಈ ಎರಡು ಫೈನಲ್ ಪಕ್ಕಪಕ್ಕ ಇಟ್ಟರೆ ನಿಯಮ ತಾನಾಗಿ ಅರ್ಥವಾಗುತ್ತದೆ. ಪಾಸ್ ಮಾಡೋ, ಅಂದರೆ ಒಂದು ಎತ್ತರವನ್ನು ಜಿಗಿಯದೆ ಬಿಟ್ಟು ಮುಂದಿನದಕ್ಕೆ ಕಾಯೋ ಲೆಕ್ಕಾಚಾರವೂ ಇಂಥದ್ದೇ, ಅದನ್ನು ನೀವು ನನಗಿಂತ ಚೆನ್ನಾಗಿ ಬರೆಯುತ್ತೀರಿ.

ಧಾಟಿಯ ಬಗ್ಗೆ ಒಂದು ಮಾತು. "ಅಪ್ರತಿಮ", "ಅದ್ಭುತ" ಅಂತ ಹೊಗಳಿದ್ದಲ್ಲಿ ಮಾತ್ರ ವಾಲಿಕೆ ಇರಲ್ಲ, ಬಿಟ್ಟಿದ್ದರಲ್ಲೂ ಇರುತ್ತದೆ. ಕ್ಯೂಬಾದ ಹಾವಿಯೆರ್ ಸೊಟೊಮಾಯೊರ್ 1993ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಜಿಗಿದ 2.45 ಮೀಟರ್ ಇವತ್ತಿಗೂ ಪುರುಷರ ವಿಶ್ವದಾಖಲೆ. ಅದೇ ಸೊಟೊಮಾಯೊರ್ 1999ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಕೊಕೇನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಪದಕ ಕಳೆದುಕೊಂಡರು, ತಾವು ತೆಗೆದುಕೊಂಡಿಲ್ಲ ಅಂತಲೇ ಹೇಳಿದರು, ನಿಷೇಧ ಕಡಿಮೆಯಾಗಿ 2000ದ ಸಿಡ್ನಿಯಲ್ಲಿ ಬೆಳ್ಳಿ ಗೆದ್ದರು. ಅವರ ಬಗ್ಗೆ ಬರೆದ ಒಳ್ಳೆಯ ಲೇಖನದಲ್ಲಿ ಇದೆಲ್ಲವೂ ಇರುತ್ತದೆ, ದೊಡ್ಡದು ದೊಡ್ಡದಾಗಿ, ಚಿಕ್ಕದು ಚಿಕ್ಕದಾಗಿ. ಆಟದ ಬಗ್ಗೆ ಇರುವ ಸಾಮಾನ್ಯ ಲೇಖನದಲ್ಲಿ ಪರೀಕ್ಷೆಯ ಸಂಗತಿಗೆ ನಾಲ್ಕು ಪ್ಯಾರಾ ಕೊಟ್ಟಿದ್ದರೂ ಅದು ವಾಲಿಕೆಯೇ.

ಕೊನೆಗೆ ಲೇಖನದ ಹಿಂದಿನ ಕೋಣೆಗೆ ಹೋಗಿ. ವಿಕಿಪೀಡಿಯದಂಥ ವಿಶ್ವಕೋಶದಲ್ಲಿ ಪ್ರತಿ ಲೇಖನಕ್ಕೂ ಒಂದು ಇತಿಹಾಸದ ಪುಟ, ಒಂದು ಚರ್ಚೆಯ ಪುಟ ಇರುತ್ತವೆ. ಇತಿಹಾಸದ ಪುಟದಲ್ಲಿ ಯಾವ ದಿನ ಯಾವ ಸಾಲು ಬದಲಾಯಿತು ಅಂತ ತೋರಿಸುತ್ತದೆ. ದಾಖಲೆಗಳ ಪಟ್ಟಿ ಹೋದ ವಾರ ತಿದ್ದಿರಬಹುದು, ತಂತ್ರದ ಭಾಗವನ್ನು ವರ್ಷಗಟ್ಟಲೆ ಯಾರೂ ಮುಟ್ಟದೇ ಇರಬಹುದು, ಆಗ "ಲೇಖನ ಹೊಸದಾಗಿದೆ" ಅಂತ ಒಂದೇ ಮಾತಲ್ಲಿ ಹೇಳೋದು ಸರಿಯಾಗಲ್ಲ. ಚರ್ಚೆಯ ಪುಟದಲ್ಲಿ ಫಾಸ್‌ಬರಿ ವಿಷಯ ಯಾರೋ ಆಗಲೇ ಎತ್ತಿರಬಹುದು. ಎತ್ತಿದ್ದರೆ ಏನು ಉತ್ತರ ಬಂತು ಅಂತ ನೋಡಿ. ಎತ್ತಿಲ್ಲದಿದ್ದರೆ ನೀವೇ ಎತ್ತಿ, ಅಸೈನ್‌ಮೆಂಟ್‌ಗೂ ಒಂದು ಒಳ್ಳೆಯ ಪುಟ ಸಿಕ್ಕಿತು.

"ಮಾಹಿತಿ ಸರಿಯಾಗಿದೆ" ಅಂತ ಬರೆದಿದ್ದಿರಲ್ಲ, ಆ ಜಾಗದಲ್ಲಿ ಈಗ ಹೀಗೆ ಬರೆಯಬಹುದು: "1968ರ ಗೆಲುವಿನ ಎತ್ತರ ಸರಿಯಿದೆ. ಆದರೆ ಅದನ್ನು ವಿಶ್ವದಾಖಲೆ ಎಂದಿರುವುದು ತಪ್ಪು, ಆಗಿನ ದಾಖಲೆ ಬ್ರುಮೆಲ್‌ನ 2.28 ಮೀಟರ್. ಕೊಟ್ಟಿರುವ ಮೂಲವನ್ನು ತೆರೆದು ನೋಡಿದೆ, ಅಲ್ಲಿ ಇರುವುದು ಇಷ್ಟು." ಆ ಕೊನೆಯ ವಾಕ್ಯ ಮಾತ್ರ ನಿಜವಾಗಿ ತೆರೆದು ನೋಡಿದಮೇಲೆಯೇ ಬರೆಯಿರಿ.

ಪ್ರಶ್ನೆ: ನಾನು ರೇಸ್‌ವಾಕಿಂಗ್, ಅಂದರೆ ವೇಗದ ನಡಿಗೆಯ ಸ್ಪರ್ಧೆ ಮಾಡುವ ವಿದ್ಯಾರ್ಥಿ. ನಮ್ಮ ಆಟದ ಲೇಖನದಲ್ಲಿ "ಯಾವಾಗಲೂ ಒಂದು ಕಾಲು ನೆಲದ ಮೇಲೆ ಇರಲೇಬೇಕು" ಅಂತಿತ್ತು. ವೇಗವಾಗಿ ನಡೆಯುವಾಗ ಒಂದು ಕ್ಷಣ ಎರಡೂ ಕಾಲು ಮೇಲೆ ಇರುತ್ತವೆ, ಇದು ನಮಗೆಲ್ಲ ಗೊತ್ತು, ನಮ್ಮ ಕೋಚ್ ಸರ್ ಕೂಡ ಅದನ್ನೇ ಹೇಳೋದು. ಹಾಗಂತ ತಿದ್ದಿದೆ. ಜೊತೆಗೆ ನಮ್ಮ ತಂಡದ ಹೆಸರನ್ನೂ ಒಂದು ಸಾಲು ಸೇರಿಸಿದೆ. ಅರ್ಧ ಗಂಟೆಯೊಳಗೆ ಎರಡನ್ನೂ ಅಳಿಸಿಹಾಕಿದರು! ನಿಜ ಹೇಳಿದರೂ ಹೀಗಾ?
— ನಡಿಗೆಯವನು

ಉತ್ತರ: ನಿಮ್ಮ ಮಾತು ನಿಜ, ನಿಮ್ಮ ತಿದ್ದುಪಡಿ ಅಳಿಸಿದ್ದೂ ಸರಿ. ಎರಡೂ ಒಟ್ಟಿಗೆ ಹೇಗೆ ಸರಿ ಅಂತ ಸಿಟ್ಟು ಬರಬಹುದು, ಸ್ವಲ್ಪ ಕೇಳಿ.

ನಿಮ್ಮ ಆಟದ ನಿಯಮ ಬರೆದವರು ತುಂಬ ಎಚ್ಚರದಿಂದ ಬರೆದಿದ್ದಾರೆ. ಮನುಷ್ಯನ ಕಣ್ಣಿಗೆ ಕಾಣುವ ಹಾಗೆ ನೆಲದ ಸಂಪರ್ಕ ತಪ್ಪಬಾರದು, ಮುಂದಿಟ್ಟ ಕಾಲು ನೆಲ ಮುಟ್ಟಿದ ಗಳಿಗೆಯಿಂದ ಮೈ ನೇರ ಅದರ ಮೇಲೆ ಬರುವವರೆಗೆ ಮಂಡಿ ನೆಟ್ಟಗಿರಬೇಕು. ಆ "ಕಣ್ಣಿಗೆ ಕಾಣುವ ಹಾಗೆ" ಅನ್ನೋದರಲ್ಲೇ ಎಲ್ಲ ಇದೆ. ಹೈಸ್ಪೀಡ್ ಕ್ಯಾಮೆರಾ ಇಟ್ಟು ಮಾಡಿದ ಅಧ್ಯಯನಗಳಲ್ಲಿ ಒಳ್ಳೆಯ ನಡಿಗೆಗಾರರ ಎರಡೂ ಕಾಲು ಒಂದು ಸಣ್ಣ ಕ್ಷಣ ಗಾಳಿಯಲ್ಲಿರೋದು ದಾಖಲಾಗಿದೆ. ಅಂದರೆ ಲೇಖನ ನಿಯಮವನ್ನು ಅರ್ಧಕ್ಕೆ ಕತ್ತರಿಸಿ ಹೇಳಿತ್ತು. ನೀವು ಅದನ್ನು ತಿದ್ದಲು ಕೊಟ್ಟ ಆಧಾರ "ನಮಗೆಲ್ಲ ಗೊತ್ತು". ಓದುವ ಅಪರಿಚಿತರು ಅದನ್ನು ಹೇಗೆ ಪರೀಕ್ಷೆ ಮಾಡಬೇಕು? ವಿಕಿಪೀಡಿಯದಲ್ಲಿ ಸ್ವಂತ ಅನುಭವ, ಸ್ವಂತ ಸಂಶೋಧನೆ ಬರೆಯುವ ಹಾಗಿಲ್ಲ, ಹೇಳಿದ ಮಾತನ್ನು ಬೇರೆಯವರು ಮೂಲದಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳುವ ಹಾಗಿರಬೇಕು. ಕೋಚ್ ಎಷ್ಟೇ ದೊಡ್ಡವರಾದರೂ ಮೈದಾನದಲ್ಲಿ ಹೇಳಿದ ಮಾತು ಅಚ್ಚಾಗುವವರೆಗೂ ಅಲ್ಲಿಗೆ ಬರಲ್ಲ.

ವರ್ಲ್ಡ್ ಅಥ್ಲೆಟಿಕ್ಸ್‌ನ ನಿಯಮ ಪುಸ್ತಕ ಅವರ ತಾಣದಲ್ಲೇ ಪುಕ್ಕಟೆ ಸಿಗುತ್ತದೆ. ಅದನ್ನು ತೆರೆದು, ನಿಯಮವನ್ನು ನಿಮ್ಮ ಮಾತಲ್ಲಿ ಪೂರ್ತಿ ಬರೆದು, ಅಡಿಟಿಪ್ಪಣಿ ಹಾಕಿ. ಗಾಳಿಯಲ್ಲಿರುವ ಕ್ಷಣದ ಬಗ್ಗೆ ಒಂದು ಅಧ್ಯಯನವನ್ನು ಹುಡುಕಿ, ನೀವೇ ಓದಿ, ಅದನ್ನೂ ಕೊಡಿ. ಮೊದಲು ಚರ್ಚೆಯ ಪುಟದಲ್ಲಿ ಎರಡು ಸಾಲು ಬರೆದಿಟ್ಟರೆ ಇನ್ನೂ ಒಳ್ಳೆಯದು, ಯಾರು ಅಳಿಸಿದರೋ ಅವರೇ ಬಂದು ಸಹಾಯ ಮಾಡಲೂಬಹುದು. ಅಳಿಸಿದವರನ್ನು ಶತ್ರು ಅಂದುಕೊಳ್ಳಬೇಡಿ. ನಿಮ್ಮ ಆಟದಲ್ಲಿ ಜಡ್ಜ್ ಎಚ್ಚರಿಕೆಯ ಹಳದಿ ಪ್ಯಾಡಲ್ ತೋರಿಸಿದಾಗ ಹೆಜ್ಜೆ ಸರಿ ಮಾಡಿಕೊಂಡು ಮುಂದೆ ಹೋಗುತ್ತೀರಲ್ಲ, ಹಾಗೆ.

ತಂಡದ ಹೆಸರು ಮಾತ್ರ ಬಿಟ್ಟುಬಿಡಿ. ನಿಮ್ಮ ತಂಡದ ಮೇಲೆ ನಿಮಗೆ ಅಭಿಮಾನ ಇರೋದು ಸಹಜ, ಇರಲೇಬೇಕು. ಆದರೆ ಇಡೀ ಜಗತ್ತಿನ ಆಟದ ಲೇಖನದಲ್ಲಿ ನಮ್ಮ ಬಗ್ಗೆ ನಾವೇ ಬರೆದುಕೊಳ್ಳೋದು ಸರಿಯಲ್ಲ. ನಿಮ್ಮ ತಂಡದ ಬಗ್ಗೆ ಬೇರೆಯವರು ಬರೆಯುವ ದಿನ ಬರಲಿ.

ಪ್ರಶ್ನೆ: ಒಂದೇ ವಿಶ್ವಕೋಶದಲ್ಲಿ ಒಂದು ಭಾಷೆಯಲ್ಲಿ ಮಹಿಳೆಯರ ಹೈಜಂಪ್ ದಾಖಲೆ 2.09 ಅಂತಿದೆ, ಇನ್ನೊಂದು ಭಾಷೆಯಲ್ಲಿ 2.10 ಅಂತಿದೆ. ಒಂದು ಇನ್ನೊಂದರ ಅನುವಾದ ತಾನೆ? ಹಾಗಿದ್ದರೆ ಇದು ಹೇಗಾಯಿತು?
— ಒಬ್ಬ ಓದುಗ

ಉತ್ತರ: ಅನುವಾದ ಅಂದುಕೊಂಡಲ್ಲೇ ಎಡವಟ್ಟಾಗಿದೆ. ವಿಕಿಪೀಡಿಯದ ಪ್ರತಿ ಭಾಷೆಯ ಆವೃತ್ತಿಯನ್ನೂ ಆ ಭಾಷೆಯವರು ಬೇರೆಯಾಗಿ ಬರೆಯುತ್ತಾರೆ. ಇಂಗ್ಲಿಷ್ ಆವೃತ್ತಿ 2001ರ ಜನವರಿಯಲ್ಲಿ ಶುರುವಾಯಿತು, ಕನ್ನಡದ್ದು 2003ರಲ್ಲಿ. ಕೆಲವರು ಒಂದರಿಂದ ಇನ್ನೊಂದಕ್ಕೆ ಅನುವಾದ ಮಾಡುತ್ತಾರೆ ನಿಜ, ಆದರೆ ಮಾಡಿದ ದಿನಕ್ಕೇ ಅದು ನಿಂತುಬಿಡುತ್ತದೆ. ಆ ಕಡೆ ತಿದ್ದಿದರೆ ಈ ಕಡೆ ತಾನಾಗಿ ಬದಲಾಗಲ್ಲ, ಯಾರಾದರೂ ಕೂತು ತಿದ್ದಬೇಕು.

2.09 ಕೊಸ್ತಾದಿನೋವಾ ಅವರದು, 1987. ಉಕ್ರೇನಿನ ಯಾರೊಸ್ಲಾವಾ ಮಹುಚಿಖ್ 2024ರ ಜುಲೈ 7ರಂದು ಪ್ಯಾರಿಸ್‌ನಲ್ಲಿ 2.10 ಜಿಗಿದು ಅದನ್ನು ಮುರಿದರು. ಒಲಿಂಪಿಕ್ಸ್‌ನಲ್ಲಿ ಅಲ್ಲ, ಅದಕ್ಕೆ ಮೊದಲು ಅದೇ ನಗರದಲ್ಲಿ ನಡೆದ ಡೈಮಂಡ್ ಲೀಗ್ ಎಂಬ ಅಥ್ಲೆಟಿಕ್ಸ್ ಸರಣಿಯ ಕೂಟದಲ್ಲಿ. ಇದನ್ನೂ ಗಮನಿಸಿ, ಊರು ಒಂದೇ ಆದ್ದರಿಂದ ಎರಡನ್ನೂ ಕಲಸಿ ಬರೆದುಬಿಡೋದು ಸುಲಭ. 2.09 ಅಂತಿರುವ ಲೇಖನ ಆ ಜುಲೈಗಿಂತ ಮೊದಲು ಬರೆದದ್ದು ಇರಬಹುದು, ಅಷ್ಟೇ. ಅದರ ಇತಿಹಾಸದ ಪುಟ ತೆರೆದು ಕೊನೆಯ ತಿದ್ದುಪಡಿಯ ದಿನಾಂಕ ನೋಡಿ, ಗೊತ್ತಾಗುತ್ತದೆ. ಆ ಭಾಷೆ ನಿಮಗೆ ಬರುತ್ತದೆ ಅಂತಾದರೆ ಮೇಲೆ "ಸಂಪಾದಿಸಿ" ಅಂತ ಇರುತ್ತದೆ, ಒತ್ತಿ. ಹೆಸರು, ಎತ್ತರ, ದಿನಾಂಕ, ಊರು, ಒಂದು ಅಡಿಟಿಪ್ಪಣಿ. ಐದು ನಿಮಿಷದ ಕೆಲಸ.